ಗಿರಿಯ ಎಲ್ಲೆ, ನಾಡಿನ ಎಲ್ಲೆ: ಗೆವಾರನ ಪ್ರವಾಸಕಥನದ ಒಂದು ದಿನ

ಪ್ರವಾಸಕಥನವನ್ನು ಬರೆಯುವವನಿಗೆ ಅವನ ವಾಹನವು ಒಮ್ಮೊಮ್ಮೆ ಮಿತ್ರನೂ ಒಮ್ಮೊಮ್ಮೆ ಶತ್ರುವೂ ಆಗುವುದುಂಟು. ಕಾಲ್ನಡೆಯಲ್ಲಿ ಹೋಗುವವನು ದಾರಿಯಲ್ಲಿ ಎದುರಾದ ಮನುಷ್ಯನನ್ನು ಮಾತನಾಡಿಸದೆ ವಿಧಿಯಿಲ್ಲ. ರೈಲಿನಲ್ಲಿ ಹೋಗುವವನಿಗೆ ಕಿಟಕಿಯು ತೋರಿದಷ್ಟೇ ದೇಶ. ಇವರಿಬ್ಬರ ನಡುವೆ ನಿಂತ ಮೋಟಾರು ಸೈಕಲ್ಲಿನ ಸವಾರನ ಸ್ಥಿತಿ ವಿಚಿತ್ರವಾದುದು. ಗಾಳಿ, ಮಳೆ, ಧೂಳು, ಚಳಿ ಇವೆಲ್ಲವೂ ನೇರವಾಗಿ ಮೈಗೆ ತಗಲುವುದರಿಂದ, ತಾನು ನಾಡನ್ನು ಮುಟ್ಟಿ ತಿಳಿಯುತ್ತಿರುವೆನೆಂಬ ನಂಬಿಕೆ ಅವನಲ್ಲಿ ಬಲವಾಗುತ್ತದೆ. ಆ ನಂಬಿಕೆಯಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಮಣ್ಣನ್ನು ಮುಟ್ಟಿದವನು ಆ ಮಣ್ಣಿನ ಜನರನ್ನೂ ಅರಿತನೆಂದು ಹೇಳಬರುವುದೆ? ಈ ಪ್ರಶ್ನೆಯನ್ನು ಒರೆಗೆ ಹಚ್ಚಿ ನೋಡಲು ಎರ್ನೆಸ್ಟೊ ಗೆವಾರನ ಪ್ರವಾಸದ ಟಿಪ್ಪಣಿಗಳಿಗಿಂತ ತಕ್ಕುದಾದ ಗ್ರಂಥ ದೊರೆಯುವುದು ಕಷ್ಟ. ಪರ್ವತಶ್ರೇಣಿಯನ್ನೂ ದೇಶದ ಗಡಿಯನ್ನೂ ಒಟ್ಟಿಗೆ ದಾಟಿದ ದಿನವೊಂದು ಅದರಲ್ಲಿದೆ. ಆ ದಿನದ ವರ್ಣನೆಯನ್ನು ನಿಧಾನವಾಗಿ ಓದಿದವರಿಗೆ ಇಡೀ ಗ್ರಂಥದ ಗುಣದೋಷಗಳ ಬೀಗದ ಕೈ ಸಿಕ್ಕಂತಾಗುವುದು.

ಗೆವಾರನು ೧೯೨೮ರಲ್ಲಿ ಅರ್ಜೆಂಟೀನದ ರೊಸಾರಿಯೊ ನಗರದಲ್ಲಿ ಹುಟ್ಟಿದವನು. ವೈದ್ಯಶಾಸ್ತ್ರದ ವಿದ್ಯಾರ್ಥಿಯಾಗಿ, ಇಪ್ಪತ್ತಮೂರರ ಹರೆಯದಲ್ಲಿದ್ದಾಗ, ೧೯೫೨ರ ಜನವರಿಯಲ್ಲಿ, ಗೆಳೆಯನಾದ ಆಲ್ಬೆರ್ಟೊ ಗ್ರನಾದೊನೊಡನೆ ಬ್ಯೂನಸ್ ಐರಿಸಿನಿಂದ ಹೊರಟನು. ಗ್ರನಾದೊ ಅವನಿಗಿಂತ ಸುಮಾರು ಆರು ವರ್ಷ ಹಿರಿಯನು, ಜೀವರಸಾಯನಶಾಸ್ತ್ರವನ್ನು ಕಲಿತವನು. ವಾಹನವು ಈ ಹಿರಿಯನದು: ೧೯೩೯ರ ಮಾದರಿಯ, ೫೦೦ ಸಿ.ಸಿ. ಶಕ್ತಿಯ ನಾರ್ಟನ್ ಮೋಟಾರು ಸೈಕಲ್ಲು. ಅದರ ಹೆಸರು ‘ಲಾ ಪೊದೆರೋಸ’, ಎಂದರೆ ಮಹಾಬಲೆ. ಆ ಹೆಸರಿನವರಲ್ಲಿ ಎರಡನೆಯವಳು. ಚಿಲಿ, ಪೆರು, ಕೊಲಂಬಿಯ, ವೆನೆಜುವೆಲಗಳನ್ನು ಸುತ್ತಿ ಗೆವಾರನು ಅದೇ ವರ್ಷ ಆಗಸ್ಟಿನಲ್ಲಿ ಊರಿಗೆ ಮರಳಿದನು. ದಾರಿಯಲ್ಲಿ ಬರೆದಿಟ್ಟ ದಿನಚರಿಯನ್ನು ಆಧಾರವಾಗಿಟ್ಟುಕೊಂಡು ಅನಂತರ ಅವನು ತಿದ್ದಿ ಬರೆದ ಕಥನವು ಅವನ ಜೀವಮಾನದಲ್ಲಿ ಅಚ್ಚಾಗಲಿಲ್ಲ. ೧೯೬೭ರಲ್ಲಿ ಬೊಲಿವಿಯದಲ್ಲಿ ಅವನ ಹತ್ಯೆಯಾಗಿ ಕಾಲು ಶತಮಾನ ಕಳೆದ ಮೇಲೆ ಅದು ಸ್ಪಾನಿಷ್ ಭಾಷೆಯಲ್ಲಿ ಬೆಳಕು ಕಂಡಿತು. ೧೯೯೫ರಲ್ಲಿ ಇಂಗ್ಲಿಷಿಗೆ ಬಂದಿತು. ಮೂಲದ ಹೆಸರು ಸರಳವಾಗಿ ‘ಪ್ರವಾಸದ ಟಿಪ್ಪಣಿಗಳು’ ಎಂದಿದ್ದುದು ಇಂಗ್ಲಿಷಿನಲ್ಲಿ ‘ಮೋಟಾರ್‌ಸೈಕಲ್ ಡೈರೀಸ್’ ಎಂದಾಯಿತು. ಈ ಹೆಸರಿನ ಬದಲಾವಣೆಯು ಸಣ್ಣದೆಂದು ತೋರಿದರೂ, ಓದುಗರ ದೃಷ್ಟಿಯನ್ನು ಗ್ರಂಥದ ತಿರುಳಿನಿಂದ ಬೇರೆಡೆಗೆ ತಿರುಗಿಸಿಬಿಟ್ಟಿತು.

ವಿಮರ್ಶೆಗೆ ತೊಡಗುವ ಮುನ್ನ ಇನ್ನೊಂದು ಅಡ್ಡಿಯನ್ನೂ ನೀಗಬೇಕಾಗಿದೆ. ಗ್ರಂಥಕರ್ತನು ಮುಂದೆ ಕ್ಯೂಬದ ಕ್ರಾಂತಿಯ ನಾಯಕರಲ್ಲಿ ಒಬ್ಬನಾದನು. ೧೯೫೯ರಲ್ಲಿ ಹವಾನದ ಲಾ ಕಬಾನ್ಯ ಕೋಟೆಯ ಅಧಿಪತಿಯಾಗಿ ಅಲ್ಲಿ ನಡೆದ ಮರಣದಂಡನೆಗಳಿಗೆ ಹೊಣೆಗಾರನಾದನು. ಆತನನ್ನು ಪೂಜಿಸುವವರು ಈ ಪುಸ್ತಕದಲ್ಲಿ ವೀರನ ಬಾಲಲೀಲೆಯನ್ನು ಕಾಣುತ್ತಾರೆ. ದ್ವೇಷಿಸುವವರು ಮುಂದಿನ ಕ್ರೌರ್ಯದ ಮೊಳಕೆಯನ್ನು ಹುಡುಕುತ್ತಾರೆ. ಇಬ್ಬರೂ ಪುಸ್ತಕವನ್ನು ಬಿಟ್ಟು ಮನುಷ್ಯನನ್ನು ಓದುವವರೇ. ೧೯೫೨ರಲ್ಲಿ ದಾರಿಯಲ್ಲಿದ್ದ ಯುವಕನಿಗೆ ಮುಂದಿನದೊಂದೂ ತಿಳಿದಿರಲಿಲ್ಲವೆಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಮಾತ್ರ ಕೃತಿಗೆ ನ್ಯಾಯ ಸಲ್ಲುವುದು.

ಗ್ರಂಥದ ಮೊದಲ ಭಾಗದ ಪ್ರಧಾನರಸವು ಹಾಸ್ಯ. ಯಂತ್ರವು ಕೆಡುತ್ತದೆ, ಸವಾರರು ಉರುಳುತ್ತಾರೆ, ಏಳುತ್ತಾರೆ, ಮುರಿದುದನ್ನು ತಂತಿಯಿಂದ ಬಿಗಿದು ಮುಂದುವರಿಯುತ್ತಾರೆ. ತಿರುಪುಮೊಳೆ ಇರಬೇಕಾದೆಡೆಯಲ್ಲೆಲ್ಲ ಗ್ರನಾದೊ ತಂತಿಯನ್ನೇ ನಂಬುತ್ತಾನೆ. ಊಟ ಮತ್ತು ಮಲಗುವ ಸ್ಥಳ ಇವೆರಡನ್ನು ಬೇಡಿ ಪಡೆಯುವ ಕಲೆಯಲ್ಲಿ ಇಬ್ಬರೂ ದಿನೇ ದಿನೇ ಪಳಗುತ್ತಾರೆ. ಗೆವಾರನು ತನ್ನನ್ನು ತಾನೇ ಗೇಲಿ ಮಾಡಿಕೊಳ್ಳಬಲ್ಲವನಾದುದರಿಂದ ಈ ಪುಟಗಳು ಬೇಸರ ತರುವುದಿಲ್ಲ. ಆದರೂ ಒಂದು ಕೊರತೆಯು ಓದುತ್ತ ಓದುತ್ತ ಕಾಣಿಸಿಕೊಳ್ಳುತ್ತದೆ. ಏಳು ಸರೋವರಗಳ ದಾರಿಯಲ್ಲಿ ಆಶ್ರಯ ಕೊಟ್ಟವರ ಮನೆಯಲ್ಲಿ, ರಾತ್ರಿ ಬಾಗಿಲನ್ನು ಪರಚಿದ ಪ್ರಾಣಿಯನ್ನು ಪ್ಯೂಮ ಎಂದು ಭಾವಿಸಿ ಅವನು ಗುಂಡು ಹಾರಿಸುತ್ತಾನೆ. ಸತ್ತದ್ದು ಮನೆಯವರ ಮುದ್ದಿನ ನಾಯಿ. ಈ ಪ್ರಸಂಗವನ್ನು ಲೇಖಕನು ಹಗುರವಾಗಿ ಹೇಳಿ ಮುಗಿಸುತ್ತಾನೆ. ಆ ಮನೆಯವರ ದುಃಖವು ಅತಿಥಿಗಳಿಗೆ ಬೇರೆ ಹಾಸಿಗೆಯನ್ನು ಹುಡುಕಬೇಕಾದ ತೊಂದರೆಯಾಗಿ ಮಾತ್ರ ಉಳಿಯುತ್ತದೆ. ಮುಂದಕ್ಕೆ ಓಡಲು ವಾಹನವಿರುವವನಿಗೆ ಹಿಂದುಳಿದವರ ಅಳು ಹೆಚ್ಚು ಹೊತ್ತು ಕೇಳಿಸುವುದಿಲ್ಲ. ಇಷ್ಟು ಪುಟಗಳಲ್ಲಿ ಎದುರಾಗುವ ಜನರೆಲ್ಲರೂ ಬಹುಮಟ್ಟಿಗೆ ಹೀಗೆಯೇ: ಅನ್ನವಿಕ್ಕಿದವರು, ಅಟ್ಟಿದವರು, ನಗೆಗೆ ವಸ್ತುವಾದವರು.

ಇಂತಹ ಸ್ಥಿತಿಯಲ್ಲಿ ಇವರು ಆಂಡಿಸ್ ಪರ್ವತದ ಬುಡಕ್ಕೆ ಬರುತ್ತಾರೆ. ಬರಿಲೋಚೆ ಎಂಬ ಊರಿನಲ್ಲಿ ಗೆವಾರನಿಗೆ ಪ್ರೇಯಸಿಯ ಪತ್ರವು ದೊರೆಯುತ್ತದೆ. ಅದು ಸಂಬಂಧವನ್ನು ಕಡಿದುಕೊಳ್ಳುವ ಪತ್ರ. ಅದನ್ನು ಓದಿದ ಮೇಲೆ ಫೆಬ್ರವರಿ ೧೪ರಂದು ಇವರು ಗಡಿಯನ್ನು ದಾಟುತ್ತಾರೆ. ಹೆಸರಿಗೆ ಮೋಟಾರು ಸೈಕಲ್ಲಿನ ಪ್ರವಾಸವಾದರೂ ಈ ದಾಟುವಿಕೆಯಲ್ಲಿ ವಾಹನವು ಸವಾರರನ್ನು ಹೊತ್ತುದಕ್ಕಿಂತ ದೋಣಿಗಳು ವಾಹನವನ್ನು ಹೊತ್ತುದೇ ಹೆಚ್ಚು. ನಹುಯೆಲ್ ವಾಪಿ ಸರೋವರದ ಪಶ್ಚಿಮದ ತುದಿಯಿಂದ ಸಣ್ಣದಾದ ಫ್ರಿಯಾಸ್ ಸರೋವರ. ಅದರ ಆಚೆ ಅರ್ಜೆಂಟೀನದ ಸುಂಕದ ಕಟ್ಟೆ. ಬಳಿಕ ಪೆರೆಸ್ ರೊಸಾಲೆಸ್ ಕಣಿವೆಯ ಏರು. ಆ ಭಾಗದಲ್ಲಿ ಪರ್ವತವು ತಗ್ಗಾಗಿದ್ದು, ಕಣಿವೆಯ ಎತ್ತರ ಸುಮಾರು ಒಂದು ಸಾವಿರ ಮೀಟರು ಮಾತ್ರ. ಇಳಿದ ಮೇಲೆ ಚಿಲಿಯ ಸುಂಕದ ಕಟ್ಟೆ, ಪೆಯುಲ್ಯ ಎಂಬ ಹಳ್ಳಿ, ಪಚ್ಚೆಯ ಬಣ್ಣದ ನೀರಿನಿಂದ ಎಸ್ಮೆರಾಲ್ದ ಎಂದೂ ಕರೆಸಿಕೊಳ್ಳುವ ತೋದೋಸ್ ಲೋಸ್ ಸಾಂತೋಸ್ ಸರೋವರ.

ಸುಂಕದ ಕಟ್ಟೆಗಳ ವಿಷಯವನ್ನು ಲೇಖಕನು ಅರೆವಾಕ್ಯದಲ್ಲಿ ಮುಗಿಸುತ್ತಾನೆ. ಒಂದು ಕಡೆ ಒಂದು, ಇನ್ನೊಂದು ಕಡೆ ಇನ್ನೊಂದು, ಅಷ್ಟೆ. ಅವನ ಮನಸ್ಸನ್ನು ಹಿಡಿದು ನಿಲ್ಲಿಸುವುದು ನಾಡಿನ ಎಲ್ಲೆಯಲ್ಲ, ಗಿರಿಯ ಎಲ್ಲೆ. ಕಾಸ ಪಾಂಗೆ ಎಂಬಲ್ಲಿ ಚಿಲಿಯ ನೋಟವು ತೆರೆದುಕೊಳ್ಳುವ ಸ್ಥಳವೊಂದಿದೆ. ಅಲ್ಲಿ ನಿಂತಾಗ ಅದು ತನ್ನ ಬಾಳಿನ ಕವಲುದಾರಿಯೆಂಬ ಭಾವನೆ ಅವನಿಗುಂಟಾಗುತ್ತದೆ. ಚಿಲಿ ದೇಶದ ಕಿರಿದಾದ ಪಟ್ಟಿಯನ್ನೂ, ಅದರ ಆಚೆಗಿರುವ ತನ್ನ ಭವಿಷ್ಯವನ್ನೂ ಅವನು ಒಟ್ಟಿಗೆ ನೋಡುತ್ತಾನೆ. ಕವಿವಾಕ್ಯವೊಂದು ನೆನಪಿಗೆ ಬರುತ್ತದೆ.

ಈ ಭಾಗವನ್ನು ಮೆಚ್ಚದ ಓದುಗರಿಲ್ಲ. ಯೌವನವೂ ಎತ್ತರವೂ ಕೂಡಿದಾಗ ಹುಟ್ಟುವ ಉತ್ಸಾಹವು ಅಲ್ಲಿ ನಿಜವಾಗಿಯೇ ಇದೆ. ಆದರೆ ಮೆಚ್ಚುಗೆಯ ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಬೇಕು: ಆ ಎತ್ತರದಿಂದ ಅವನು ಕಂಡುದೇನು? ಕೆಳಗೆ ಹಳ್ಳಿಗಳಿದ್ದುವು, ಬಂದರುಗಳಿದ್ದುವು, ಬಡಗಣ ಮರುಭೂಮಿಯಲ್ಲಿ ಗಣಿಗಳಿದ್ದುವು, ಅವುಗಳಲ್ಲಿ ಜನರಿದ್ದರು. ಅವರಾರೂ ಆ ನೋಟದಲ್ಲಿಲ್ಲ. ಚಿಲಿಯು ಒಂದು ದೇಶವಾಗಿ ಅಲ್ಲಿ ತೋರುವುದಿಲ್ಲ, ಸವಾರನ ಮುಂದಣ ಹಾದಿಯಾಗಿ ತೋರುತ್ತದೆ. ಪರ್ವತವು ಅವನಿಗೆ ಹಿಡಿದುದು ಕನ್ನಡಿ. ಅದರಲ್ಲಿ ಅವನು ತನ್ನ ಮುಖವನ್ನೇ ಕಂಡನು. ಈ ಮಾತನ್ನು ಆಕ್ಷೇಪಣೆಯೆಂದು ಭಾವಿಸಬೇಕಾಗಿಲ್ಲ. ಗಿರಿಶಿಖರವನ್ನೇರಿದ ಪ್ರವಾಸಿಗಳಲ್ಲಿ ಬಹುಮಂದಿಯ ಅನುಭವವು ಇದೇ. ವ್ಯತ್ಯಾಸವಿಷ್ಟೆ, ಬಹುಮಂದಿಯ ಗ್ರಂಥಗಳು ಅಲ್ಲಿಗೇ ಮುಗಿಯುತ್ತವೆ.

ಗೆವಾರನ ಗ್ರಂಥವು ಅಲ್ಲಿಗೆ ಮುಗಿಯುವುದಿಲ್ಲ. ಪರ್ವತವನ್ನಿಳಿದೊಡನೆಯೆ ಅದರ ಗರ್ವಭಂಗವು ಮೊದಲಾಗುತ್ತದೆ. ಸರೋವರವನ್ನು ದಾಟಿಸುವ ಹಡಗಿನ ದರವನ್ನು ತೆರಲು ಇವರಲ್ಲಿ ಹಣವಿಲ್ಲ. ಹಡಗಿನ ಹಿಂದೆ ಕಟ್ಟಿದ ತೂತುಬಿದ್ದ ದೋಣಿಯಲ್ಲಿ ಮೋಟಾರು ಸೈಕಲ್ಲನ್ನಿಟ್ಟು, ಒಳಗೆ ನುಗ್ಗುವ ನೀರನ್ನು ಪಂಪಿನಿಂದ ಹೊರಕ್ಕೆ ಹಾಕುವ ಕೆಲಸವೇ ಇವರು ತೆತ್ತ ದರ. ಶಿಖರದಲ್ಲಿ ಭವಿಷ್ಯವನ್ನು ಕಂಡವನು ಸರೋವರದಲ್ಲಿ ಬೆವರು ಸುರಿಸುತ್ತ ನೀರೆತ್ತುತ್ತಾನೆ. ಮೊದಲ ಬಾರಿಗೆ ಪ್ರಯಾಣವು ಬೇಡಿ ಪಡೆದುದಾಗದೆ ದುಡಿದು ಪಡೆದುದಾಗುತ್ತದೆ. ಶಿಖರದ ಉತ್ಸಾಹವನ್ನೂ ದೋಣಿಯ ಬೆವರನ್ನೂ ಹತ್ತಿರ ಹತ್ತಿರವಿಟ್ಟು, ಒಂದರ ಮೇಲೊಂದು ಟೀಕೆಯಂತೆ ಕೂರಿಸಿರುವುದರಲ್ಲಿ ಗ್ರಂಥಕರ್ತನ ಔಚಿತ್ಯಜ್ಞಾನವು ಎದ್ದು ತೋರುತ್ತದೆ.

೨೦೦೪ರಲ್ಲಿ ವಾಲ್ಟರ್ ಸಾಲೆಸ್ ಎಂಬ ಬ್ರೆಜಿಲಿನ ನಿರ್ದೇಶಕನು ಈ ಗ್ರಂಥವನ್ನೂ ಗ್ರನಾದೊವಿನ ದಿನಚರಿಯನ್ನೂ ಆಧರಿಸಿ ತೆಗೆದ ಚಲಚ್ಚಿತ್ರದಲ್ಲಿ ಇದೇ ಪರ್ವತದ ಘಟ್ಟವು ಹಿಮದಲ್ಲಿ ವಾಹನವನ್ನು ತಳ್ಳಿಕೊಂಡು ಹೋಗುವ ದೃಶ್ಯವಾಗಿ ಮೂಡಿದೆ. ಕಣ್ಣಿಗೆ ಅದು ಬಲು ಸೊಗಸು. ಆದರೆ ಹಿಮದೊಡನೆ ಹೋರಾಡುವ ಮನುಷ್ಯನು ವೀರನಾಗಿಯೇ ಕಾಣುವನು. ತೂತುದೋಣಿಯ ನೀರನ್ನೆತ್ತುವವನು ಹಾಗೆ ಕಾಣಲಾರನು. ಪುಸ್ತಕದ ವಿನಯವು ಚಿತ್ರದ ಸೊಬಗಿನಲ್ಲಿ ಸ್ವಲ್ಪ ಕರಗಿತೆಂದೇ ಹೇಳಬೇಕಾಗಿದೆ.

ಚಿಲಿಯಲ್ಲಿ ಮೋಟಾರು ಸೈಕಲ್ಲಿನ ಆಯುಸ್ಸು ಬಹಳ ಕಾಲ ಉಳಿಯಲಿಲ್ಲ. ತೆಮುಕೊ ಊರಿನ ವೃತ್ತಪತ್ರಿಕೆಯು ಇವರನ್ನು ಕುಷ್ಠರೋಗದ ತಜ್ಞರೆಂದು ಹೊಗಳಿ ಬರೆದುದೇ ಇವರಿಗೆ ಊಟದ ಚೀಟಿಯಾಯಿತು. ಬ್ರೇಕು ಕೈಕೊಟ್ಟು ದನಗಳ ಹಿಂಡಿನೊಳಗೆ ನುಗ್ಗಿದರು. ಲೌತಾರೊದಲ್ಲಿ ಕುಣಿತದ ಕೂಟವೊಂದರಲ್ಲಿ ಎಡವಟ್ಟು ಮಾಡಿಕೊಂಡು ಊರವರಿಂದ ಓಡಿ ತಪ್ಪಿಸಿಕೊಂಡರು. ಕೊನೆಗೆ ಯಂತ್ರದ ಮೈಯೇ ಮುರಿಯಿತು. ಅದನ್ನು ಸಾಂತ್ಯಾಗೊ ನಗರದವರೆಗೆ ಹೇಗೋ ಸಾಗಿಸಿ ಅಲ್ಲಿಯೇ ಬಿಟ್ಟರು. ಗ್ರಂಥದ ಮೂರನೆಯ ಒಂದು ಭಾಗವೂ ಮುಗಿಯುವಷ್ಟರಲ್ಲಿ ಇಂಗ್ಲಿಷ್ ಹೆಸರಿನ ನಾಯಿಕೆಯು ರಂಗದಿಂದ ನಿರ್ಗಮಿಸುತ್ತಾಳೆ. ವಾಹನವಿದ್ದಾಗ ತಾವು ಹೆದ್ದಾರಿಯ ರಾಜರಂತಿದ್ದೆವು, ಈಗ ಕೇವಲ ಜೋಳಿಗೆ ಹೊತ್ತ ಅಲೆಮಾರಿಗಳಾದೆವು ಎಂಬ ಅರ್ಥದ ಅಳಲು ಲೇಖಕನಲ್ಲಿ ಕಾಣುತ್ತದೆ. ವಾಚಕರಿಗಾದರೊ ಇದು ಲಾಭವೇ ಆಯಿತು.

ಏಕೆಂದರೆ, ಆ ಬಳಿಕ ಬರುವ ಪುಟಗಳಲ್ಲಿ ಕೃತಿಯ ರಸವೇ ಬದಲಾಗುತ್ತದೆ. ವಾಲ್ಪರೈಸೊ ಬಂದರಿನಲ್ಲಿ ಬಡ ಮುದುಕಿಯೊಬ್ಬಳು ಉಬ್ಬಸದಿಂದ ಬಳಲುತ್ತಿದ್ದಾಳೆ. ಗೆವಾರನು ಅವಳನ್ನು ನೋಡಲು ಹೋಗುತ್ತಾನೆ. ಅವನಿಗೂ ಬಾಲ್ಯದಿಂದ ಅದೇ ರೋಗ. ಆ ಕೋಣೆಯಲ್ಲಿ ವೈದ್ಯನಾಗಿ ತಾನು ಮಾಡಬಲ್ಲುದು ಬಹಳ ಸ್ವಲ್ಪವೆಂಬುದೂ, ದುಡಿಯಲಾರದ ಮನುಷ್ಯನು ಬಡವರ ಮನೆಯಲ್ಲಿ ಮನೆಯವರಿಗೇ ಹೊರೆಯಾಗಿ ಹೋಗುವನೆಂಬುದೂ ಅವನಿಗೆ ಗೋಚರಿಸುತ್ತದೆ. ಮುಂದೆ ಬಡಗಣ ಮರುಭೂಮಿಯ ಬಾಕೆದಾನೊದಲ್ಲಿ ಗಣಿಯ ಕೂಲಿಕಾರನೊಬ್ಬನೂ ಅವನ ಹೆಂಡತಿಯೂ ಇವರಿಗೆ ಜೊತೆಯಾಗುತ್ತಾರೆ. ಆತನು ಕಮ್ಯೂನಿಸ್ಟು, ಚಿಲಿಯಲ್ಲಿ ೧೯೪೮ರ ಕಾಯಿದೆಯಿಂದ ಆ ಪಕ್ಷಕ್ಕೆ ನಿಷೇಧವಿದ್ದ ಕಾಲವದು, ಆತನು ಮೂರು ತಿಂಗಳು ಸೆರೆಮನೆಯಲ್ಲಿದ್ದು ಬಂದವನು. ಚಳಿಯ ರಾತ್ರಿ, ದಂಪತಿಗಳಿಗೆ ಹೊದೆಯಲು ಒಂದು ಕಂಬಳಿಯೂ ಇಲ್ಲ. ಇವರು ತಮ್ಮ ಕಂಬಳಿಗಳಲ್ಲಿ ಒಂದನ್ನು ಅವರಿಗೆ ಕೊಟ್ಟು, ಉಳಿದುದರಲ್ಲಿ ತಾವಿಬ್ಬರೂ ಮುದುಡಿಕೊಳ್ಳುತ್ತಾರೆ. ತನ್ನ ಬಾಳಿನ ಬಲು ಚಳಿಯ ರಾತ್ರಿಗಳಲ್ಲೊಂದಾದ ಅದೇ ರಾತ್ರಿ ಮನುಷ್ಯಜಾತಿಯೊಡನೆ ಬಂಧುತ್ವವು ಮೂಡಿತೆಂದು ಲೇಖಕನು ಒಪ್ಪಿಕೊಳ್ಳುತ್ತಾನೆ.

ನಾಯಿಯ ಪ್ರಸಂಗವನ್ನೂ ಈ ಕಂಬಳಿಯ ಪ್ರಸಂಗವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಎರಡರಲ್ಲಿಯೂ ರಾತ್ರಿ, ಚಳಿ, ಅಪರಿಚಿತರು. ಮೊದಲನೆಯದರಲ್ಲಿ ಅವನು ಆಶ್ರಯವನ್ನು ಪಡೆದವನು, ಎರಡನೆಯದರಲ್ಲಿ ಕೊಟ್ಟವನು. ಒಂದರಿಂದ ಇನ್ನೊಂದಕ್ಕೆ ನಡೆದ ದಾರಿಯೇ ಈ ಗ್ರಂಥದ ನಿಜವಾದ ಪ್ರವಾಸ. ಪ್ರಬಂಧದಲ್ಲಿ ಹಲವು ರಸಗಳಿದ್ದರೂ ಒಂದು ಅಂಗಿಯಾಗಿಯೂ ಉಳಿದವು ಅಂಗಗಳಾಗಿಯೂ ನಿಲ್ಲಬೇಕೆಂದು ಆನಂದವರ್ಧನನು ವಿಧಿಸಿರುವನಷ್ಟೆ. ಇಲ್ಲಿ ಹಾಸ್ಯವು ಅಂಗ, ಕರುಣವು ಅಂಗಿ. ಯಂತ್ರವು ಬದುಕಿರುವವರೆಗೆ ಅಂಗವೇ ಅಂಗಿಯ ಪೀಠದಲ್ಲಿ ಕುಳಿತಿದ್ದಿತು. ಯಂತ್ರವು ಸತ್ತ ಮೇಲೆ ಪೀಠವು ತಕ್ಕವರಿಗೆ ಸಂದಿತು.

ಹಾಗಾದರೆ ಯಂತ್ರವೇ ದೋಷಿಯೆ? ವಾಹನವೇರಿದವನಿಗೆ ದರ್ಶನವಿಲ್ಲವೆ? ಈ ತೀರ್ಮಾನವು ಅವಸರದ್ದಾದೀತು. ಅಮೆರಿಕದ ರಾಬರ್ಟ್ ಪಿರ್ಸಿಗ್ ೧೯೭೪ರಲ್ಲಿ ಪ್ರಕಟಿಸಿದ, ಝೆನ್ ಮತ್ತು ಮೋಟಾರು ಸೈಕಲ್ಲಿನ ಆರೈಕೆಯನ್ನು ಕುರಿತ ಪ್ರಸಿದ್ಧ ಗ್ರಂಥವನ್ನು ಇಲ್ಲಿ ನೆನೆಯಬಹುದು. ೧೯೬೮ರಲ್ಲಿ ಅವನು ಬಾಲಕನಾದ ಮಗನನ್ನು ಹಿಂದೆ ಕೂರಿಸಿಕೊಂಡು ಮಾಡಿದ ಪ್ರಯಾಣವು ಅದರ ಆಧಾರ. ಅವನೂ ಪರ್ವತವನ್ನು ದಾಟುತ್ತಾನೆ. ಮೊಂಟಾನ ಮತ್ತು ವಯೋಮಿಂಗ್ ಸಂಸ್ಥಾನಗಳ ಎಲ್ಲೆಯಲ್ಲಿ, ೧೯೩೬ರಲ್ಲಿ ತೆರೆದ ಬೇರ್‌ಟೂತ್ ಹೆದ್ದಾರಿಯಲ್ಲಿ, ಮೂರು ಸಾವಿರದ ಮುನ್ನೂರು ಮೀಟರಿಗೂ ಮೇಲಕ್ಕೆ ಏರುತ್ತಾನೆ. ಅಲ್ಲಿ ಎಲ್ಲೆಯಲ್ಲಿ ತಡೆಯುವವರಿಲ್ಲ, ಕಾಗದವನ್ನು ಕೇಳುವವರಿಲ್ಲ. ಪಿರ್ಸಿಗನ ಯಂತ್ರವೂ ಸಾಯುವುದಿಲ್ಲ; ಏಕೆಂದರೆ ಅದರ ಸದ್ದನ್ನು ಆಲಿಸಿ, ಸಡಿಲಾದುದನ್ನು ಬಿಗಿದು, ಅವನು ಅದನ್ನು ಕಾಪಾಡುತ್ತಾನೆ. ಗ್ರನಾದೊವಿಗೆ ತಂತಿ ಇದ್ದಂತೆ ಪಿರ್ಸಿಗನಿಗೆ ಬಿಯರು ಡಬ್ಬಿಯ ತಗಡಿನ ಚೂರು: ಸಡಿಲಾದ ಹಿಡಿಕೆಯ ಸಂದಿಗೆ ಅದನ್ನು ತುರುಕಬಹುದೆಂದಾಗ ಬೆಲೆಬಾಳುವ ವಾಹನದ ಒಡೆಯನಾದ ಸಹಪ್ರವಾಸಿಯು ಅವಮಾನಗೊಳ್ಳುತ್ತಾನೆ. ಈ ಸಣ್ಣ ಸಂಗತಿಯಿಂದ ಪಿರ್ಸಿಗನು ಯಂತ್ರಕ್ಕೂ ಮನುಷ್ಯನಿಗೂ ಇರುವ ಸಂಬಂಧದ ವಿಚಾರವನ್ನೆಲ್ಲ ಬಿಡಿಸುತ್ತಾನೆ.

ಆದುದರಿಂದ ವಾಹನವು ತಾನಾಗಿ ಕಣ್ಣಿಗೆ ಪರೆಯಲ್ಲ. ಪಿರ್ಸಿಗನ ದೃಷ್ಟಿ ಒಳಕ್ಕೆ ತಿರುಗಿದುದು. ಅದಕ್ಕೆ ಯಂತ್ರದ ನಿಡಿದಾದ ಓಟವು ಅನುಕೂಲವಾಯಿತು. ಗೆವಾರನು ನೋಡಬೇಕಾಗಿದ್ದುದು ಹೊರಗಿನ ಜನರನ್ನು. ಅದಕ್ಕೆ ಓಟವು ನಿಲ್ಲಬೇಕಾಯಿತು. ಆದರೆ ಒಳನೋಟದ ಆ ಗ್ರಂಥದಲ್ಲಿ ಹಾದಿಯ ಊರಿನವರು ನೆರಳುಗಳಾಗಿ ಉಳಿದುಹೋದುದನ್ನೂ ಮರೆಯಬಾರದು. ಎರಡು ಫಲಗಳನ್ನೂ ಒಂದೇ ಪ್ರವಾಸದಲ್ಲಿ ಕೊಯ್ದವರು ವಿರಳ.

ಎಲ್ಲೆಯ ವಿಚಾರವು ಗೆವಾರನ ಗ್ರಂಥದಲ್ಲಿ ಇನ್ನೊಮ್ಮೆ ಬರುತ್ತದೆ. ಜೂನ್ ತಿಂಗಳಿನಲ್ಲಿ, ಪೆರು ದೇಶದ ಅಮೆಜಾನ್ ಕಾಡಿನ ಸಾನ್ ಪಾಬ್ಲೊ ಕುಷ್ಠರೋಗಿಗಳ ನೆಲೆಯಲ್ಲಿ ಅವನ ಇಪ್ಪತ್ತನಾಲ್ಕನೆಯ ಹುಟ್ಟುಹಬ್ಬವನ್ನು ಆಚರಿಸುತ್ತಾರೆ. ಉಪಕಾರಸ್ಮರಣೆಯ ಮಾತಿನಲ್ಲಿ ಅವನು, ಮೆಕ್ಸಿಕೊದಿಂದ ಮೆಗಲನ್ ಜಲಸಂಧಿಯವರೆಗೆ ಇರುವವರೆಲ್ಲರೂ ಒಂದೇ ಜನಾಂಗ, ದೇಶದೇಶಗಳೆಂಬ ವಿಭಾಗವು ಬರಿಯ ಕಲ್ಪಿತವೆಂದು ಸಾರುತ್ತಾನೆ. ಫೆಬ್ರವರಿಯಲ್ಲಿ ಅರೆವಾಕ್ಯದಲ್ಲಿ ಬಿಟ್ಟುಹೋದ ಸುಂಕದ ಕಟ್ಟೆಗೆ ಜೂನಿನಲ್ಲಿ ಅರ್ಥ ದೊರೆತಂತಾಯಿತು. ಕಾಸ ಪಾಂಗೆಯ ಎತ್ತರದಿಂದ ಈ ಮಾತನ್ನಾಡಿದ್ದರೆ ಅದು ಅಲಂಕಾರವಾಗುತ್ತಿದ್ದಿತು. ಗಣಿಗಾರನ ಚಳಿಯನ್ನೂ ರೋಗಿಗಳ ಕೈಗಳನ್ನೂ ಮುಟ್ಟಿ ಬಂದವನು ಆಡಿದುದರಿಂದ ಅದಕ್ಕೆ ತೂಕವಿದೆ. ಆದರೂ ಸಾನ್ ಪಾಬ್ಲೊದ ಮಾತು ಎಲ್ಲವನ್ನೂ ಬಗೆಹರಿಸುವುದಿಲ್ಲ. ಗಣಿಗಾರನ ಮತ್ತು ಗಣಿಯ ಒಡೆಯರ ನಡುವಿನ ಎಲ್ಲೆಯನ್ನು ಯಾವ ಪರ್ವತವೂ ಹಾಕಿರಲಿಲ್ಲ, ಯಾವ ಭಾಷಣವೂ ಅಳಿಸಲಾರದು. ಇದನ್ನು ಅವನೇ ಚುಕಿಕಮಾತದ ತಾಮ್ರದ ಗಣಿಯ ವರ್ಣನೆಯಲ್ಲಿ ಚೆನ್ನಾಗಿ ತೋರಿಸಿದ್ದಾನೆ.

ಇನ್ನು ಗ್ರಂಥದ ದೋಷಗಳನ್ನು ಹೇಳಬೇಕು. ತಿದ್ದಿ ಬರೆದ ಕಥನವಾದುದರಿಂದ, ಶಿಖರದ ಭಾವನೆಯು ಶಿಖರದಲ್ಲೇ ಹುಟ್ಟಿತೆ, ಮೇಜಿನ ಮುಂದೆ ಹುಟ್ಟಿತೆ ಎಂಬ ಸಂಶಯವು ಸಹಜ. ಲೇಖಕನು ಇದನ್ನು ಬಚ್ಚಿಡುವುದಿಲ್ಲವೆಂಬುದು ಅವನ ಹೆಚ್ಚಳ. ಈ ಟಿಪ್ಪಣಿಗಳನ್ನು ಬರೆದವನು ಸ್ವದೇಶದ ಮಣ್ಣನ್ನು ಮೆಟ್ಟಿದೊಡನೆ ಸತ್ತನು, ತಿದ್ದುತ್ತಿರುವವನು ಬೇರೊಬ್ಬನು ಎಂಬರ್ಥದ ಮಾತನ್ನು ಆರಂಭದಲ್ಲಿಯೇ ಇಟ್ಟು ಅವನು ಓದುಗರನ್ನು ಎಚ್ಚರಿಸಿದ್ದಾನೆ. ಎರಡನೆಯ ದೋಷವು ಇದಕ್ಕಿಂತ ದೊಡ್ಡದು. ಗ್ರಂಥದ ಕೊನೆಯ ಪ್ರಕರಣದಲ್ಲಿ ಅಜ್ಞಾತನೊಬ್ಬನ ಭವಿಷ್ಯವಾಣಿಯನ್ನು ಕೇಳಿ, ತಾನು ಜನರ ಪಕ್ಷವನ್ನು ಹಿಡಿದು ಆಯುಧವನ್ನೆತ್ತಿ ರಕ್ತದಲ್ಲಿ ಮೀಯುವೆನೆಂಬ ಧಾಟಿಯಲ್ಲಿ ಲೇಖಕನು ಗರ್ಜಿಸುತ್ತಾನೆ. ಅಷ್ಟು ಹೊತ್ತೂ ಒಬ್ಬೊಬ್ಬ ಮನುಷ್ಯನ ಮುಖವನ್ನು ಗುರುತಿಸಿ ಬರೆದ ಲೇಖನಿಯು ಇಲ್ಲಿ ಒಮ್ಮೆಗೇ ‘ಜನ’ ಎಂಬ ಮುಖವಿಲ್ಲದ ಶಬ್ದವನ್ನು ಹಿಡಿಯುತ್ತದೆ. ಮುದುಕಿಯೂ ಗಣಿಗಾರನೂ ಅವನ ಹೆಂಡತಿಯೂ ಈ ಗರ್ಜನೆಯಲ್ಲಿ ಕಾಣೆಯಾಗುತ್ತಾರೆ. ಸಾಂತ್ಯಾಗೊದಲ್ಲಿ ಯಂತ್ರವನ್ನು ಬಿಟ್ಟವನು ಕೊನೆಯ ಪುಟದಲ್ಲಿ ಅದಕ್ಕಿಂತ ವೇಗದ ಇನ್ನೊಂದು ವಾಹನವನ್ನೇರಿದನು. ಅದರ ಮೇಲಿನಿಂದಲೂ ಮನುಷ್ಯರು ಚಿಕ್ಕದಾಗಿಯೇ ಕಾಣುವರು. ಕಲಾದೃಷ್ಟಿಯಿಂದ ಈ ಪ್ರಕರಣವನ್ನು ಸಮರ್ಥಿಸುವುದು ಸಾಧ್ಯವಿಲ್ಲ.

ಇಷ್ಟಾದರೂ ಗುಣವೇ ತೂಕದಲ್ಲಿ ಹೆಚ್ಚು. ಪ್ರವಾಸಿಯೊಬ್ಬನ ಅಹಂಕಾರವು ಹೇಗೆ ಮೆಲ್ಲಮೆಲ್ಲನೆ ಸವೆಯಿತೆಂಬುದನ್ನು, ಸವೆಸಿಕೊಂಡವನೇ ನಗುತ್ತ ಬರೆದಿರುವ ಇಂತಹ ಗ್ರಂಥಗಳು ಬಹಳವಿಲ್ಲ. ಈ ಗ್ರಂಥವನ್ನೂ ಚಿತ್ರವನ್ನೂ ಕಂಡು ಉತ್ಸಾಹಗೊಂಡ ಎಷ್ಟೋ ಯುವಕರು ಇಂದು ಮೋಟಾರು ಸೈಕಲ್ಲುಗಳನ್ನೇರಿ ಆಂಡಿಸಿನ ಕಣಿವೆಗಳಿಗೆ ಹೋಗುತ್ತಾರೆ, ಹೋದುದನ್ನು ಬರೆಯುತ್ತಾರೆ. ಹೋಗುವುದು ತಪ್ಪಲ್ಲ, ಬರೆಯುವುದೂ ತಪ್ಪಲ್ಲ. ಅವರ ಬರಹಗಳಲ್ಲಿ ಏರಿದ ಎತ್ತರ, ದಾಟಿದ ಗಡಿ, ಓಡಿದ ಮೈಲಿಗಳ ಲೆಕ್ಕವು ತುಂಬಿರುವುದನ್ನು ನೋಡಿದಾಗ ಮಾತ್ರ, ಅವರು ಗ್ರಂಥದ ಮೊದಲ ಮೂರನೆಯ ಒಂದು ಭಾಗವನ್ನಷ್ಟೇ ಓದಿದರೇನೋ ಎನ್ನಿಸುತ್ತದೆ. ತೂತುದೋಣಿಯ ನೀರೆತ್ತಿದ ಪುಟದಿಂದ ಕಂಬಳಿಯನ್ನು ಹಂಚಿಕೊಂಡ ಪುಟದವರೆಗೆ ಅವರು ಇನ್ನೊಮ್ಮೆ ಓದಿಕೊಂಡು ಹೊರಡುವುದಾದರೆ, ಅವರಿಗೂ ಅವರ ಓದುಗರಿಗೂ ಒಳಿತಾದೀತು.